ಚಳಿಯ ಜೊತೆ ಜಗಳ ಬೇಡ, ನೀರಿಗೆ ದಾರಿ ಬಿಡಿ
(ಸಂಚಿಕೆಯ ಲಿಖಿತ ರೂಪ)

ಕೆನಡಾದ ಎಡ್ಮಂಟನ್‌ನಿಂದ ಮಾತಾಡ್ತಾ ಇದ್ದೀನಿ. ಸೆಪ್ಟೆಂಬರ್ ಕೊನೆಯ ವಾರ. ಹಿತ್ತಲಿನ ಪಾಪ್ಲರ್ ಮರದ ಎಲೆಗಳೆಲ್ಲ ಹಳದಿ ಆಗಿವೆ, ಬೆಳಿಗ್ಗೆ ಎದ್ದು ನೋಡಿದರೆ ಕಾರಿನ ಗಾಜಿನ ಮೇಲೆ ತೆಳ್ಳಗೆ ಬಿಳಿ ಪದರ. ಇವತ್ತು ಅತಿಥಿಗಳಿಲ್ಲ, ಸಂದರ್ಶನವೂ ಇಲ್ಲ. ನನ್ನದೇ ಒಂದು ಅಭಿಪ್ರಾಯ ಹೇಳ್ತೀನಿ. ಒಪ್ಪೋದು ಬಿಡೋದು ನಿಮಗೆ ಸೇರಿದ್ದು, ಆದರೆ ಅದರ ಹಿಂದಿನ ವಿಜ್ಞಾನವನ್ನ ಮಾತ್ರ ಪೂರ್ತಿ ಕೇಳಿ.

ವಿಷಯ ಏನಪ್ಪಾ ಅಂದ್ರೆ, ಕ್ಯಾಂಪರ್ ಟ್ರೇಲರ್‌ನ ನೀರಿನ ಪೈಪುಗಳನ್ನ ಚಳಿಗಾಲಕ್ಕೆ ಸಿದ್ಧ ಮಾಡೋದು. ನಮ್ಮ ಕನ್ನಡ ಬಳಗದಲ್ಲೇ ಈಗ ಮೂರು ನಾಲ್ಕು ಮನೆಯವರು ಹಳೇ ಟ್ರೇಲರ್ ಕೊಂಡಿದ್ದಾರೆ. ಬೇಸಿಗೆಯಲ್ಲಿ ಜಾಸ್ಪರ್ ಕಡೆ ಹೋಗಿ, ಮರದಡಿ ನಿಲ್ಲಿಸಿಕೊಂಡು ಬಿಸಿಬೇಳೆಬಾತ್ ಮಾಡಿಕೊಂಡು ತಿನ್ನೋದು ಬಹಳ ಚೆನ್ನಾಗಿರತ್ತೆ. ಅಕ್ಟೋಬರ್ ಬಂದಾಗ ಮಾತ್ರ ಎಲ್ಲರದ್ದೂ ಒಂದೇ ಪ್ರಶ್ನೆ: "ಇದನ್ನ ಏನು ಮಾಡೋದು?" ಆಗ ಹತ್ತು ಜನ ಹತ್ತು ಉತ್ತರ ಹೇಳ್ತಾರೆ. ಒಬ್ಬರು ಹೀಟರ್ ಹಚ್ಚಿ ಬಿಡಿ ಅಂತಾರೆ, ಇನ್ನೊಬ್ಬರು ಆಂಟಿಫ್ರೀಜ್ ಸುರಿದುಬಿಡಿ ಅಂತಾರೆ, ಮತ್ತೊಬ್ಬರು ಇನ್ನೂ ಅಷ್ಟು ಚಳಿ ಎಲ್ಲಿ ಬಂತು ಅಂತಾರೆ. ಮೂರೂ ಅರ್ಧ ಸತ್ಯ ಅನ್ನೋದು ನನ್ನ ವಾದ.

ಮೊದಲು ನನ್ನ ತಪ್ಪು ಹೇಳ್ಕೋತೀನಿ. ಟ್ರೇಲರ್ ತಗೊಂಡ ಮೊದಲ ವರ್ಷ, ಅಕ್ಟೋಬರ್‌ನಲ್ಲಿ ಟ್ಯಾಂಕ್ ಖಾಲಿ ಮಾಡಿದೆ. ಅಂಗಡಿಯಿಂದ ಗುಲಾಬಿ ಬಣ್ಣದ ಆಂಟಿಫ್ರೀಜ್ ತಂದು, ಪಂಪಿನಿಂದ ಎಳೆಸಿ, ಒಳಗಿನ ಒಂದೊಂದೇ ನಲ್ಲಿ ತಿರುಗಿಸಿ ಗುಲಾಬಿ ನೀರು ಬರೋವರೆಗೂ ಬಿಟ್ಟೆ. ಅಡುಗೆಮನೆ, ಬಚ್ಚಲು, ಟಾಯ್ಲೆಟ್, ಎಲ್ಲ ಆಯ್ತು ಅಂತ ಬೀಗ ಹಾಕಿದೆ. ಮೇ ತಿಂಗಳಲ್ಲಿ ಮನೆ ಮುಂದೆಯೇ ತೋಟದ ಪೈಪ್ ಜೋಡಿಸಿ ನೀರು ಬಿಟ್ಟೆ. ಗೋಡೆಯ ಒಳಗಿಂದ "ಸ್ಸ್" ಅಂತ ಸದ್ದು. ಓಡಿಹೋಗಿ ನೀರು ನಿಲ್ಲಿಸೋ ಹೊತ್ತಿಗೆ ಮಂಚದ ಕೆಳಗಿನ ಪ್ಲೈವುಡ್ ನೆಂದು ಊದಿಕೊಂಡಿತ್ತು.

ಒಡೆದದ್ದು ಯಾವುದು ಗೊತ್ತಾ? ಹೊರಗಿನ ಶವರ್. ಟ್ರೇಲರ್‌ನ ಹೊರಗೋಡೆಯಲ್ಲಿ ಒಂದು ಪುಟ್ಟ ಬಾಗಿಲು ಇರತ್ತೆ. ಅದರ ಹಿಂದೆ ಕಾಲು ತೊಳೆಯೋದಕ್ಕೆ ಅಂತ ಬಿಸಿ ನೀರು ತಣ್ಣೀರಿನ ಎರಡು ಪುಟ್ಟ ನಲ್ಲಿ. ಇಡೀ ಬೇಸಿಗೆಯಲ್ಲಿ ನಾವು ಅದನ್ನ ಎರಡು ಸಲ ಬಳಸಿದ್ವೋ ಇಲ್ವೋ. ಅಂಗೈಯಲ್ಲಿ ಹಿಡಿಯೋಷ್ಟು ನೀರು ಅಲ್ಲಿ ಉಳಿದಿತ್ತು. ಅಷ್ಟಕ್ಕೆ ನೆಲ ಬಿಚ್ಚಿಸಿ ರಿಪೇರಿ ಮಾಡಿಸೋ ಹಾಗಾಯ್ತು, ಆ ಬೇಸಿಗೆಯ ಅರ್ಧ ತಿರುಗಾಟ ಕೈತಪ್ಪಿತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಕಥೆ ನನ್ನದು.

ಆಮೇಲೆ ಕೂತು ಯೋಚಿಸಿದೆ. ಪಟ್ಟಿ ನೋಡಿಕೊಂಡೇ ಎಲ್ಲ ಮಾಡಿದ್ದೆ. ಯಾಕೆ ಮಾಡ್ತಿದ್ದೀನಿ ಅನ್ನೋದು ಮಾತ್ರ ಗೊತ್ತಿರಲಿಲ್ಲ.

ಹಾಗಾದರೆ ಪೈಪ್ ಯಾಕೆ ಒಡೆಯತ್ತೆ? ನಾವು ಊರಲ್ಲಿ ಬೇಸಿಗೆಯಲ್ಲಿ ಫ್ರೀಜರ್‌ನಲ್ಲಿ ಕತ್ತಿನ ತನಕ ನೀರು ತುಂಬಿದ ಗಾಜಿನ ಬಾಟಲಿ ಇಟ್ಟು, ಮರೆತು, ಅಮ್ಮನ ಹತ್ತಿರ ಬೈಸಿಕೊಂಡಿಲ್ವಾ? ಅದೇ ಪಾಠ. ಹೆಚ್ಚಿನ ಪದಾರ್ಥಗಳು ತಣ್ಣಗಾದಂತೆ ಕುಗ್ಗುತ್ತವೆ. ನೀರೂ 4 ಡಿಗ್ರಿವರೆಗೆ ಕುಗ್ಗುತ್ತದೆ, ಅಲ್ಲಿಂದ ಕೆಳಗೆ ಹಿಗ್ಗಲು ಶುರು ಮಾಡುತ್ತದೆ. ಹೆಪ್ಪುಗಟ್ಟುವಾಗ ಅದರ ಅಣುಗಳು ಆರು ಮೂಲೆಯ ಜಾಲದಂತೆ ಜೋಡಣೆಯಾಗುತ್ತವೆ, ನಡುವೆ ಖಾಲಿ ಜಾಗ ಉಳಿಯುತ್ತದೆ. ಹಾಗಾಗಿ 1 ಲೀಟರ್ ನೀರು ಮಂಜುಗಡ್ಡೆಯಾದಾಗ ಸುಮಾರು 1.09 ಲೀಟರ್ ಜಾಗ ಕೇಳುತ್ತದೆ. ಜಾಗ ಇದ್ದರೆ ಯಾವ ತೊಂದರೆಯೂ ಇಲ್ಲ. ಜಾಗ ಕೊಡದೆ ಮುಚ್ಚಿಟ್ಟರೆ ಒತ್ತಡ ಏರುತ್ತಲೇ ಹೋಗುತ್ತದೆ. ಪೂರ್ತಿ ಬಿಗಿಯಾದ ಪಾತ್ರೆಯಲ್ಲಿ, ಮೈನಸ್ 22 ಡಿಗ್ರಿಯ ಹತ್ತಿರ, ಅದು ವಾತಾವರಣದ ಒತ್ತಡದ ಸುಮಾರು 2,000 ಪಟ್ಟು ಆಗಬಲ್ಲದು. ನಮ್ಮ ನಲ್ಲಿಯಲ್ಲಿ ದಿನಾ ಇರೋ ಒತ್ತಡ ಮೂರು ನಾಲ್ಕು ಪಟ್ಟು ಅಷ್ಟೇ.

ಇದಕ್ಕೆ ಕೆನಡಾದಲ್ಲೇ ನಡೆದ ಒಂದು ಹಳೇ ಪ್ರಯೋಗ ಇದೆ. 1784 ಮತ್ತು 1785ರ ಚಳಿಗಾಲದಲ್ಲಿ ಕ್ವಿಬೆಕ್‌ನಲ್ಲಿದ್ದ ಬ್ರಿಟಿಷ್ ಫಿರಂಗಿದಳದ ಮೇಜರ್ ಎಡ್ವರ್ಡ್ ವಿಲಿಯಮ್ಸ್ ಅನ್ನೋರು ಟೊಳ್ಳು ಕಬ್ಬಿಣದ ಗುಂಡುಗಳಿಗೆ ನೀರು ತುಂಬಿ, ಬಾಯಿಗೆ ಬಿರಡೆ ಬಡಿದು, ಹೊರಗೆ ಚಳಿಗೆ ಇಟ್ಟರು. ನೀರು ಹೆಪ್ಪುಗಟ್ಟಿದಾಗ ಬಿರಡೆ ಹಾರಿ ನೂರು ಮೀಟರಿಗೂ ದೂರ ಹೋಗಿ ಬಿತ್ತು. ಬಿರಡೆ ಅಲ್ಲಾಡದ ಹಾಗೆ ಭದ್ರ ಮಾಡಿದಾಗ ಕಬ್ಬಿಣದ ಗುಂಡೇ ಸೀಳಿತು. ಫಿರಂಗಿ ಗುಂಡನ್ನೇ ಸೀಳೋ ನೀರಿಗೆ ನಮ್ಮ ಟ್ರೇಲರ್‌ನ ಪ್ಲಾಸ್ಟಿಕ್ ನಲ್ಲಿ ಯಾವ ಲೆಕ್ಕ?

ಇಲ್ಲಿ ಒಂದು ಸೂಕ್ಷ್ಮ ಇದೆ. ಪೈಪ್ ಒಡೆಯೋದು ಸಾಮಾನ್ಯವಾಗಿ ಮಂಜುಗಡ್ಡೆ ಕಟ್ಟಿದ ಜಾಗದಲ್ಲೇ ಅಲ್ಲ. ಪೈಪಿನಲ್ಲಿ ಎಲ್ಲೋ ಒಂದು ಕಡೆ ಗಡ್ಡೆ ಬಿರಡೆಯ ಹಾಗೆ ಕೂರತ್ತೆ. ಅದು ಬೆಳೀತಾ ಬೆಳೀತಾ ಮುಂದಿರೋ ನೀರನ್ನ ಒತ್ತತ್ತೆ. ಮುಂದೆ ನಲ್ಲಿ ಮುಚ್ಚಿದೆ, ಹಿಂದೆ ಗಡ್ಡೆ ಇದೆ, ನಡುವೆ ಸಿಕ್ಕಿಬಿದ್ದ ನೀರಿಗೆ ಎಲ್ಲೂ ಹೋಗೋಕೆ ದಾರಿ ಇಲ್ಲ. ಒತ್ತಡ ಏರಿ, ಎಲ್ಲಿ ದುರ್ಬಲವೋ ಅಲ್ಲಿ ಬಿರುಕು ಬಿಡತ್ತೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ಮನೆ ಪೈಪುಗಳ ಮೇಲೆ ನಡೆದ ಅಧ್ಯಯನವೂ ಇದನ್ನೇ ತೋರಿಸಿತು. ಟ್ರೇಲರ್‌ಗಳಲ್ಲಿ ಈಗ ಹೆಚ್ಚಾಗಿ ಇರೋದು ಪೆಕ್ಸ್ ಪೈಪ್. ಅದು ಸ್ವಲ್ಪ ಹಿಗ್ಗಿ ತಡ್ಕೊಳತ್ತೆ. ಅದರ ಜೋಡಣೆಗಳು, ನಲ್ಲಿಯ ವಾಲ್ವ್, ಪಂಪಿನ ತಲೆ, ಫಿಲ್ಟರ್‌ನ ಡಬ್ಬಿ, ಟಾಯ್ಲೆಟ್‌ನ ವಾಲ್ವ್ ಹಿಗ್ಗೋದಿಲ್ಲ, ಸೀಳತ್ತವೆ.

ಅಂದರೆ ನಮ್ಮ ಶತ್ರು ಚಳಿ ಅಲ್ಲ, ನೀರೂ ಅಲ್ಲ. ಜಾಗ ಇಲ್ಲದ ನೀರು. ನಾಲ್ಕು ಹನಿ ಪೈಪಿನ ತಳದಲ್ಲಿ ಉಳಿದರೆ ಏನೂ ಆಗಲ್ಲ, ಮೇಲೆ ಗಾಳಿ ಇದೆ, ಗಡ್ಡೆ ಆ ಕಡೆ ಬೆಳೆದುಕೊಳ್ಳತ್ತೆ. ತುಂಬಿ, ಮುಚ್ಚಿ, ಮರೆತ ಜಾಗವೇ ಒಡೆಯೋದು. ನನ್ನ ಹೊರಗಿನ ಶವರ್ ಹಾಗೇ ಒಡೆದದ್ದು.

ಈಗ ಆ ಮೂರು ಅರ್ಧ ಸತ್ಯಗಳಿಗೆ ಬರೋಣ.

ಮೊದಲನೆಯದು: "ಇನ್ನೂ ಅಷ್ಟು ಚಳಿ ಬಂದಿಲ್ಲ." ನಮ್ಮ ಸ್ನೇಹಿತರೊಬ್ಬರು ಹೇಳಿದರು, ಕಳೆದ ವಾರ ರಾತ್ರಿ ಮೈನಸ್ 3 ಆಗಿತ್ತು, ನಂದೇನೂ ಒಡೆದಿಲ್ಲ ಅಂತ. ಒಡೆದಿರಲಿಕ್ಕಿಲ್ಲ, ನಿಜ. ಕಾರಣ ಕೇಳಿ. ಅಲ್ಲಾಡದೆ ನಿಂತ ನೀರು ಸೊನ್ನೆ ಡಿಗ್ರಿಗೆ ಬಂದ ತಕ್ಷಣ ಹೆಪ್ಪುಗಟ್ಟೋದಿಲ್ಲ. ಮೊದಲ ಹರಳು ಹುಟ್ಟಲು ಏನಾದರೂ ಒಂದು ನೆಪ ಬೇಕು. ಅಲ್ಲಿವರೆಗೆ ನೀರು ಸೊನ್ನೆಗಿಂತ ಕೆಲವು ಡಿಗ್ರಿ ಕೆಳಗೂ ನೀರಾಗಿಯೇ ಇರಬಹುದು. ಇದನ್ನ ಅತಿಶೀತಲೀಕರಣ ಅಂತಾರೆ. ನಮ್ಮ ಎಡ್ಮಂಟನ್‌ನ ಆಲ್ಬರ್ಟಾ ವಿಶ್ವವಿದ್ಯಾಲಯದ ಆರ್. ಆರ್. ಗಿಲ್ಪಿನ್ 1970ರ ದಶಕದಲ್ಲಿ ನೀರಿನ ಪೈಪುಗಳಲ್ಲಿ ಇದನ್ನೇ ಅಧ್ಯಯನ ಮಾಡಿದರು. ಹಾಗೆ ಅತಿಯಾಗಿ ತಣಿದ ನೀರಿನಲ್ಲಿ ಒಂದು ಸಲ ಹರಳು ಹುಟ್ಟಿದರೆ, ಜರೀಗಿಡದ ಎಲೆಯ ಹಾಗೆ ಕವಲೊಡೆದು ಪೈಪಿನ ತುಂಬ ಹರಡುತ್ತದೆ. ಲೆಕ್ಕ ಹಾಕಿ ನೋಡಿ: ಮೈನಸ್ 5ಕ್ಕೆ ಇಳಿದ ನೀರಿನಲ್ಲಿ ಆ ಕ್ಷಣಕ್ಕೆ ಗಡ್ಡೆಯಾಗುವುದು ನೂರರಲ್ಲಿ ಸುಮಾರು 6 ಭಾಗ ಮಾತ್ರ. ಆದರೂ ಆ ಕವಲುಗಳ ಬಲೆ ಪೈಪಿನ ಹರಿವನ್ನೇ ಕಟ್ಟಿಬಿಡಬಲ್ಲದು.

ಹಾಗಾಗಿ ಒಂದು ರಾತ್ರಿ ಬಚಾವಾದದ್ದು ಪುರಾವೆ ಅಲ್ಲ, ಅದೃಷ್ಟ. ಆ ಇಲಿನಾಯ್ ಅಧ್ಯಯನ ಎಚ್ಚರಿಕೆಯ ಗೆರೆ ಅಂತ ಕೊಟ್ಟದ್ದು ಸುಮಾರು ಮೈನಸ್ 7 ಡಿಗ್ರಿ. ಆ ಅಂಕಿ ಹಿಡ್ಕೊಂಡು "ಮೈನಸ್ 7ರ ತನಕ ಚಿಂತೆ ಇಲ್ಲ" ಅನ್ನೋರಿದ್ದಾರೆ. ಆದರೆ ಅದು ಮನೆಯ ಅಟ್ಟದಲ್ಲಿರೋ ಪೈಪುಗಳ ಲೆಕ್ಕ, ಕೆಳಗೆ ಬೆಚ್ಚಗಿನ ಮನೆ ಇದೆ. ಟ್ರೇಲರ್‌ನ ಗೋಡೆ ತೆಳು, ನೆಲದ ಕೆಳಗೆ ಗಾಳಿ ಬೀಸತ್ತೆ, ಒಳಗೆ ಯಾರೂ ಇಲ್ಲ. ಗಾಳಿ ಬೀಸಿದರೆ ಪೈಪು ಹೊರಗಿನ ತಾಪಮಾನಕ್ಕಿಂತ ಕೆಳಗೇನೂ ಹೋಗಲ್ಲ, ಆದರೆ ಅಲ್ಲಿಗೆ ಬಹಳ ಬೇಗ ತಲುಪತ್ತೆ. ನನ್ನ ಸಲಹೆ ಸರಳ: ಹವಾಮಾನ ವರದಿ ಕಾಯಬೇಡಿ, ಕ್ಯಾಲೆಂಡರ್ ನೋಡಿ. ಇಲ್ಲಿ ಅಕ್ಟೋಬರ್ ಎರಡನೇ ಸೋಮವಾರ ಥ್ಯಾಂಕ್ಸ್‌ಗಿವಿಂಗ್ ರಜೆ. ಅದಕ್ಕೆ ಮುಂಚೆಯೇ ಕೆಲಸ ಮುಗಿಸಿಬಿಡಿ.

ಎರಡನೆಯದು: "ಒಳಗೊಂದು ಹೀಟರ್ ಹಚ್ಚಿಬಿಡಿ." ಚಳಿಗಾಲದಲ್ಲೂ ಟ್ರೇಲರ್‌ನಲ್ಲೇ ವಾಸ ಮಾಡೋರಿಗೆ ಬಿಸಿ ಬೇಕೇ ಬೇಕು, ಅದು ಬೇರೆ ಮಾತು. ನಾನು ಹೇಳ್ತಿರೋದು ಮನೆ ಪಕ್ಕದಲ್ಲಿ ಖಾಲಿ ನಿಂತಿರೋ ಟ್ರೇಲರ್ ಬಗ್ಗೆ. 1,500 ವಾಟ್ ಹೀಟರ್ ದಿನಪೂರ್ತಿ ಉರಿದರೆ 36 ಯೂನಿಟ್ ಕರೆಂಟ್. ಇಲ್ಲಿ ಚಳಿಗಾಲ ಐದು ತಿಂಗಳು, ನೀವೇ ಗುಣಿಸಿಕೊಳ್ಳಿ. ಅಷ್ಟು ಉರಿದರೂ ಬಿಸಿ ಇರೋದು ಕೋಣೆಯಲ್ಲಿ, ಪೈಪ್ ಇರೋದು ನೆಲದಡಿ, ಗೋಡೆಯ ಹಿಂದೆ, ಹೊರಗಿನ ಆ ಪುಟ್ಟ ಬಾಗಿಲಿನ ಒಳಗೆ. ನೋಡಿಕೊಳ್ಳೋರಿಲ್ಲದ ಕಡೆ ಹೀಟರ್ ಉರಿಸೋದರ ಬೆಂಕಿಯ ಭಯ ಬೇರೆ.

ಎಲ್ಲಕ್ಕಿಂತ ದೊಡ್ಡದು, ಕರೆಂಟ್ ಹೋದರೆ? 2021ರ ಫೆಬ್ರವರಿಯಲ್ಲಿ ಟೆಕ್ಸಾಸ್‌ನಲ್ಲಿ ಆದದ್ದು ನೆನಪಿದೆಯಲ್ಲ. ಆಸ್ಟಿನ್, ಡಲ್ಲಾಸ್ ಕಡೆಯ ನಮ್ಮ ಕೇಳುಗರಲ್ಲಿ ಎಷ್ಟೋ ಜನ ಅದನ್ನ ಅನುಭವಿಸಿದವರೇ. ಚಳಿ ಬಂತು, ಕರೆಂಟ್ ಹೋಯಿತು, ಸಾಲುಸಾಲು ಮನೆಗಳಲ್ಲಿ ಪೈಪ್ ಒಡೆದವು. ನಮ್ಮ ಆಲ್ಬರ್ಟಾದಲ್ಲೂ 2024ರ ಜನವರಿ 13ರ ಸಂಜೆ, ವಿಪರೀತ ಚಳಿಯಲ್ಲಿ, ಎಲ್ಲರ ಫೋನುಗಳು ಒಟ್ಟಿಗೆ ಕಿರುಚಿದವು: ಕೂಡಲೇ ಕರೆಂಟ್ ಬಳಕೆ ಕಡಿಮೆ ಮಾಡಿ, ಇಲ್ಲದಿದ್ದರೆ ಸರದಿಯಲ್ಲಿ ಕಡಿತ ಮಾಡಬೇಕಾಗಬಹುದು ಅಂತ. ಜನ ದೀಪ ಆರಿಸಿದರು, ನಿಮಿಷಗಳಲ್ಲೇ ಬೇಡಿಕೆ ಇಳಿಯಿತು, ಕಡಿತ ತಪ್ಪಿತು. ಅವತ್ತು ರಾತ್ರಿ ನನಗನ್ನಿಸಿದ್ದು ಇಷ್ಟು: ನೆರೆಯವರ ಮನೆಯಲ್ಲಿ ಮಕ್ಕಳು ಮಲಗಿರೋ ಕೋಣೆಗೆ ಬೇಕಾದ ಕರೆಂಟನ್ನ ನಾನು ಒಂದು ಖಾಲಿ ಟ್ರೇಲರ್‌ಗೆ ಸುರಿಯೋದು ಸರಿಯಾ? ಹೀಟರ್ ಕೆಲಸ ಮಾಡೋದು ಕರೆಂಟ್ ಇರೋ ತನಕ. ಖಾಲಿ ಪೈಪು ಹಾಗಲ್ಲ, ಅದಕ್ಕೆ ಯಾರ ಹಂಗೂ ಇಲ್ಲ.

ಮೂರನೆಯದು: "ಆಂಟಿಫ್ರೀಜ್ ಸುರಿದುಬಿಡಿ." ಇದು ಸರಿಯಾದ ಕೆಲಸ, ಆದರೆ ಕೊನೆಯಲ್ಲಿ ಮಾಡಬೇಕಾದ ಕೆಲಸ. ಡಬ್ಬಿಯ ಮೇಲೆ ಮೈನಸ್ 45 ಅಂತ ಬರೆದಿರತ್ತೆ. ಅಷ್ಟರ ತನಕ ಅದು ನೀರಿನ ಹಾಗೇ ಇರತ್ತೆ ಅಂತ ಅದರ ಅರ್ಥ ಅಲ್ಲ, ಅಷ್ಟರ ತನಕ ಪೈಪ್ ಒಡೆಯೋದಿಲ್ಲ ಅಂತ. ಅದಕ್ಕೆ ಬಹಳ ಮುಂಚೆಯೇ ಅದು ಕೆಸರಿನಂಥ ಐಸ್ ಆಗಬಹುದು. ಅದರಲ್ಲಿರುವ ನೀರು ಸ್ವಲ್ಪ ಸ್ವಲ್ಪವೇ ಹರಳಾದಂತೆ ಉಳಿದ ದ್ರವ ಗಟ್ಟಿ ಮಿಶ್ರಣವಾಗುತ್ತಾ ಹೋಗುತ್ತದೆ, ಅದು ಹೆಪ್ಪುಗಟ್ಟೋ ತಾಪಮಾನ ಇನ್ನೂ ಕೆಳಗೆ ಇಳಿಯುತ್ತದೆ. ಕೆಸರು ಜರುಗಬಲ್ಲದು, ಬಿರಡೆಯ ಹಾಗೆ ಕೂರುವುದಿಲ್ಲ. ಆದರೆ ಪೈಪಿನಲ್ಲಿ ಮೊದಲೇ ನೀರು ನಿಂತಿದ್ದರೆ ಇದು ಅದರ ಜೊತೆ ಬೆರೆತು ತೆಳುವಾಗತ್ತೆ. ನೀರು ಹಾಕಿದ ಮಜ್ಜಿಗೆ ತರಹ. ಅರ್ಧಕ್ಕರ್ಧ ನೀರು ಬೆರೆತರೆ ಡಬ್ಬಿ ಮೇಲಿನ ಅಂಕಿಗೆ ಬೆಲೆ ಇಲ್ಲ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಲೇಬೇಕು. ಕಳೆದ ವರ್ಷ ನಮ್ಮ ಯುಗಾದಿ ಊಟದಲ್ಲಿ ಹೊಸದಾಗಿ ಬಂದ ಹುಡುಗ ಒಬ್ಬ ಕೇಳಿದ: "ಅಣ್ಣಾ, ಗ್ಯಾರೇಜಿನಲ್ಲಿ ಕಾರಿನ ಕೂಲೆಂಟ್ ಉಳಿದಿದೆ, ಅದೂ ಆಂಟಿಫ್ರೀಜೇ ಅಲ್ವಾ, ಅದನ್ನೇ ಹಾಕಿದರೆ?" ದಯವಿಟ್ಟು ಬೇಡ. ಕಾರಿನ ಕೂಲೆಂಟ್‌ನಲ್ಲಿ ಸಾಮಾನ್ಯವಾಗಿ ಇರೋದು ಎಥಿಲೀನ್ ಗ್ಲೈಕಾಲ್. ಅದು ವಿಷ. ರುಚಿ ಸಿಹಿ, ಅದೇ ಅಪಾಯ. ಯಕೃತ್ತು ಅದನ್ನ ಒಡೆದಾಗ ಕೊನೆಗೆ ಆಕ್ಸಾಲಿಕ್ ಆಮ್ಲ ಹುಟ್ಟುತ್ತದೆ. ಅದು ಕ್ಯಾಲ್ಸಿಯಂ ಜೊತೆ ಸೇರಿ ಮೂತ್ರಪಿಂಡದಲ್ಲಿ ಹರಳುಗಟ್ಟುತ್ತದೆ. ಸ್ವಲ್ಪವೇ ಕುಡಿದರೂ ಮಕ್ಕಳ, ನಾಯಿ ಬೆಕ್ಕುಗಳ ಜೀವಕ್ಕೆ ಕುತ್ತು. ಮುಂದಿನ ಬೇಸಿಗೆಯಲ್ಲಿ ನಾವು ಕುಡಿಯೋ ನೀರು ಬರೋದು ಇದೇ ಪೈಪಿನಲ್ಲಿ. ಕುಡಿಯೋ ನೀರಿನ ವ್ಯವಸ್ಥೆಗೆ ಅಂತಲೇ ಮಾರೋದು ಪ್ರೊಪಿಲೀನ್ ಗ್ಲೈಕಾಲ್. ಅದನ್ನ ನಮ್ಮ ದೇಹ ಬೇರೆ ದಾರಿಯಲ್ಲಿ ಕರಗಿಸಿಕೊಳ್ಳತ್ತೆ, ಆಹಾರ ಪದಾರ್ಥಗಳಲ್ಲೂ ಬಳಸ್ತಾರೆ. ಬಣ್ಣ ನೋಡಿ ನಂಬಬೇಡಿ, ಗುಲಾಬಿ ಬಣ್ಣ ಯಾರು ಬೇಕಾದರೂ ಬೆರೆಸಬಹುದು. ಹೆಸರು ಓದಿ. ಅನುಮಾನ ಬಂದರೆ ತರಬೇಡಿ.

ಹಾಗಾದರೆ ಸರಿಯಾದ ಕ್ರಮ ಯಾವುದು? ಕಾರಣ ಗೊತ್ತಾದ ಮೇಲೆ ಕ್ರಮ ತಾನಾಗಿಯೇ ಬರತ್ತೆ: ಮೊದಲು ನೀರು ಹೊರಗೆ, ಆಮೇಲೆ ಗಾಳಿ, ಕೊನೆಗೆ ಗುಲಾಬಿ ದ್ರವ.

ಕೊಳಕು ನೀರಿನ ಟ್ಯಾಂಕುಗಳನ್ನ ಅದಕ್ಕೆಂದೇ ಇರೋ ಜಾಗದಲ್ಲಿ ಖಾಲಿ ಮಾಡಿ ತೊಳೆದು ಬನ್ನಿ. ವಾಟರ್ ಹೀಟರ್‌ನ ಗ್ಯಾಸ್, ಕರೆಂಟ್ ಎರಡೂ ಆಫ್ ಮಾಡಿ, ಪೂರ್ತಿ ತಣ್ಣಗಾಗಲು ಬಿಡಿ. ಒಂದು ಬಿಸಿನೀರಿನ ನಲ್ಲಿ ತೆರೆದು ಒತ್ತಡ ಇಳಿಸಿ, ಆಮೇಲೆ ಕೆಳಗಿನ ಪ್ಲಗ್ ಬಿಚ್ಚಿ. ಅವಸರ ಮಾಡಿದರೆ ಕುದಿನೀರು ಮುಖಕ್ಕೆ ಚಿಮ್ಮತ್ತೆ. ಖಾಲಿಯಾದ ಹೀಟರ್‌ನ ಸ್ವಿಚ್ ಅಪ್ಪಿತಪ್ಪಿಯೂ ಹಾಕಬೇಡಿ, ಒಳಗಿನ ಕಾಯಿಲ್ ಸುಟ್ಟುಹೋಗತ್ತೆ. ಅಲ್ಲೇ ಹಿಂದೆ ಬೈಪಾಸ್ ವಾಲ್ವ್ ಇರತ್ತೆ, ಅದನ್ನ ತಿರುಗಿಸಿ. ಇಲ್ಲದಿದ್ದರೆ ಸಾಮಾನ್ಯವಾಗಿ 23 ಲೀಟರ್ ಹಿಡಿಸೋ ಆ ಟ್ಯಾಂಕೇ ನಿಮ್ಮ ಆಂಟಿಫ್ರೀಜ್ ಎಲ್ಲ ನುಂಗಿಬಿಡತ್ತೆ. ಸಿಹಿನೀರಿನ ಟ್ಯಾಂಕ್ ಖಾಲಿ ಮಾಡಿ, ಪೈಪುಗಳ ತೀರಾ ತಗ್ಗಿನಲ್ಲಿರೋ ಎರಡು ಡ್ರೈನ್‌ಗಳನ್ನ ತೆರೆಯಿರಿ. ಎಲ್ಲ ನಲ್ಲಿ ತೆರೆದಿಡಿ, ಟಾಯ್ಲೆಟ್ ಪೆಡಲ್ ಒತ್ತಿ ಹಿಡಿಯಿರಿ, ಫಿಲ್ಟರ್ ತೆಗೆದು ಮನೆಯೊಳಗೆ ಇಡಿ.

ಕಂಪ್ರೆಸರ್ ಇದ್ದರೆ ನೀರು ಜೋಡಿಸೋ ಬಾಯಿಗೆ ಹಚ್ಚಿ ಗಾಳಿ ಹಾಯಿಸಿ. ಒತ್ತಡ 40 ಪಿಎಸ್‌ಐ ಆಸುಪಾಸು ಸಾಕು, ಜಾಸ್ತಿ ಮಾಡಿದರೆ ಚಳಿ ಮಾಡೋ ಕೆಲಸವನ್ನ ನೀವೇ ಮಾಡಿದ ಹಾಗಾಗತ್ತೆ. ಡ್ರೈನ್ ಮುಚ್ಚಿ, ಒಂದು ಸಲಕ್ಕೆ ಒಂದೇ ನಲ್ಲಿ ತೆರೆದು, ಬರೀ ಗಾಳಿ ಬರೋ ತನಕ ಬಿಡಿ. ಬಿಸಿಯದ್ದು ಬೇರೆ, ತಣ್ಣೀರಿನದ್ದು ಬೇರೆ. ಹೊರಗಿನ ಶವರ್ ಮರೀಬೇಡಿ ಅಂತ ನಾನು ಇನ್ನೊಂದು ಸಲ ಹೇಳಬೇಕಾಗಿಲ್ಲ, ಆದರೂ ಹೇಳ್ತೀನಿ.

ಗಾಳಿ ಒಂದೇ ಸಾಲದು. ಪಂಪಿನ ಹೊಟ್ಟೆಯಲ್ಲಿ ನೀರು ಉಳಿಯತ್ತೆ. ಸಿಂಕಿನ ಕೆಳಗಿನ ಬಾಗಿದ ಪೈಪ್, ಅಂದರೆ ಪಿ-ಟ್ರ್ಯಾಪ್, ಇರೋದೇ ನೀರು ಹಿಡಿದಿಟ್ಟುಕೊಂಡು ಟ್ಯಾಂಕಿನ ದುರ್ವಾಸನೆ ತಡೆಯೋಕೆ. ಹಾಗಾಗಿ ಪಂಪಿನ ಹೀರೋ ಪೈಪನ್ನ ಗುಲಾಬಿ ಡಬ್ಬಿಗೆ ಇಳಿಸಿ, ಒಂದೊಂದು ನಲ್ಲಿಯಲ್ಲೂ ಬಣ್ಣ ಕಾಣೋ ತನಕ ಓಡಿಸಿ. ಸಾಮಾನ್ಯ ಟ್ರೇಲರ್‌ಗೆ ಎರಡು ಮೂರು ಡಬ್ಬಿ ಸಾಕು. ಪ್ರತಿ ಸಿಂಕ್‌ಗೂ, ಸ್ನಾನದ ಡ್ರೈನ್‌ಗೂ ಒಂದೊಂದು ದೊಡ್ಡ ಲೋಟ ಸುರಿಯಿರಿ. ಕೊನೆಗೆ ಪಂಪ್ ಆಫ್ ಮಾಡಿ, ನಲ್ಲಿಗಳನ್ನ ತೆರೆದೇ ಬಿಡಿ. ಮುಚ್ಚಿದ ನಲ್ಲಿಯೇ ಬಿರಡೆ, ನೆನಪಿದೆಯಲ್ಲ?

ಇದನ್ನೆಲ್ಲ ದುಡ್ಡು ಕೊಟ್ಟು ಮಾಡಿಸಬಾರದಾ ಅಂತ ಕೇಳಬಹುದು. ಖಂಡಿತ ಮಾಡಿಸಿ, ಅದರಲ್ಲಿ ಸೋಲೇನೂ ಇಲ್ಲ. ಆದರೆ ನಿಮ್ಮ ಟ್ರೇಲರ್‌ನಲ್ಲಿ ನೀರು ಎಲ್ಲೆಲ್ಲಿ ನಿಲ್ಲತ್ತೆ ಅನ್ನೋ ನಕ್ಷೆ ನಿಮ್ಮ ಹತ್ತಿರ ಇರಲಿ. ಒಂದು ಹಾಳೆಯಲ್ಲಿ ಗೆರೆ ಎಳೆದು ಬರೆದಿಡಿ: ಟ್ಯಾಂಕ್, ಪಂಪ್, ಫಿಲ್ಟರ್, ಹೀಟರ್, ಪ್ರತಿ ನಲ್ಲಿ, ಟಾಯ್ಲೆಟ್, ಹೊರಗಿನ ಶವರ್, ನೀರು ಜೋಡಿಸೋ ಬಾಯಿ. ಕೆಲಸ ಮಾಡೋರು ಒಂದು ದಿನಕ್ಕೆ ಎಷ್ಟೋ ಗಾಡಿ ನೋಡ್ತಾರೆ, ನೀವು ನೋಡಬೇಕಾದ್ದು ಒಂದೇ.

ನಾವು ನೀರು ಹೆಪ್ಪುಗಟ್ಟದ ನಾಡಿನಿಂದ ಬಂದವರು. ಇಲ್ಲಿ ಹುಟ್ಟಿ ಬೆಳೆದವರಿಗೆ ಅಪ್ಪ ಅಜ್ಜನನ್ನ ನೋಡಿ ಬಂದಿರೋ ಅಭ್ಯಾಸ ನಮಗಿಲ್ಲ. ಅದಕ್ಕೇ ನಾವು ಯಾರೋ ಹೇಳಿದ್ದನ್ನ ಬೇಗ ನಂಬಿ, ಪಟ್ಟಿಯನ್ನ ಮಂತ್ರದ ಹಾಗೆ ಪಾಲಿಸ್ತೀವಿ. ಅಭ್ಯಾಸ ಇಲ್ಲದಿದ್ದರೆ ಪರವಾಗಿಲ್ಲ, ಕಾರಣ ತಿಳ್ಕೊಂಡರೆ ಸಾಕು. ಪಟ್ಟಿಯಲ್ಲಿ ಬರೆಯೋಕೆ ಮರೆತ ಜಾಗವೂ ಆಗ ಕಣ್ಣಿಗೆ ಬೀಳತ್ತೆ.

ನಮ್ಮ ಮನೆಯಲ್ಲಿ ಈಗ ಆ ನಕ್ಷೆ ಬರೆದಿರೋದು ನನ್ನ ಮಗಳು, ಸಿಂಕಿನ ಮೇಲಿನ ಕಪಾಟಿನ ಒಳಗೆ ಅಂಟಿಸಿದ್ದಾಳೆ. ಹೊರಗಿನ ಶವರ್ ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ "ಅಪ್ಪ ಮರೆತ ಜಾಗ" ಅಂತ ಬರೆದಿದ್ದಾಳೆ. ಈ ಶನಿವಾರ ನಾವಿಬ್ಬರೂ ಸೇರಿ ಅಲ್ಲಿಂದಲೇ ಶುರು ಮಾಡ್ತೀವಿ.

ನೀವೂ ಒಂದು ಶನಿವಾರ ಎತ್ತಿಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ, ಬೆಚ್ಚಗಿರಿ.